ವೀರಗಲ್ಲಿನ ತ್ರೀಡಿ ಪ್ರತಿ, ನಿಮ್ಮ ಮೊಬೈಲ್ ಫೋಟೊಗಳಿಂದಲೇ

ಕೆರೆ ಏರಿಯ ಮೇಲಿನ ವೀರಗಲ್ಲು ರಸ್ತೆ ಅಗಲೀಕರಣಕ್ಕೆ ಸಿಕ್ಕುವ ಮುನ್ನವೇ ಅದರ ತ್ರೀಡಿ ಪ್ರತಿ ಮಾಡಿಟ್ಟುಕೊಳ್ಳಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಸ್ಕ್ಯಾನರಿನಿಂದ ಹೀಗೆ ದಾಖಲಿಸುತ್ತಿದೆ. ಸ್ಕ್ಯಾನರ್ ಇಲ್ಲದವರಿಗೆ ಫೋಟೊಗಳೇ ಸಾಕು, ಅವುಗಳಿಂದ ತಂತ್ರಾಂಶ ತ್ರೀಡಿ ಮಾದರಿ ಕಟ್ಟುತ್ತದೆ.

ಶಾಸನ ಓದುವವರಿಗೆ ಓರೆಬಿಸಿಲು ಇಷ್ಟ. ಆದರೆ ಈ ಕೆಲಸಕ್ಕೆ ಮೋಡ ಮುಸುಕಿದ ಹೊತ್ತೇ ಒಳ್ಳೆಯದು. ಬಿಸಿಲಿನ ಗಟ್ಟಿ ನೆರಳು ಮಾದರಿಯ ಬಣ್ಣದಲ್ಲೇ ಅಂಟಿಕೊಂಡುಬಿಡುತ್ತದೆ. ಸುತ್ತಲಿನ ಹುಲ್ಲು ಸರಿಸಿ. ಕೆತ್ತನೆ ಎದ್ದು ಕಾಣಲೆಂದು ಎಣ್ಣೆ, ಸುಣ್ಣ ಬಳಿಯುವ ಉಪಕಾರ ಮಾತ್ರ ಬೇಡ. ಪಕ್ಕದಲ್ಲೊಂದು ಅಳತೆಪಟ್ಟಿ ಇಡಿ, ಏಕೆಂದರೆ ಬರೀ ಫೋಟೊಗಳಿಂದ ಕಲ್ಲು ಮೂರಡಿಯೋ ಆರಡಿಯೋ ತಿಳಿಯದು.

ಮುಖ್ಯವಾದದ್ದು ನಿಮ್ಮ ನಡಿಗೆ. ಹೆಬ್ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಜರುಗಿದಂತೆ ಕಾಣುತ್ತದೆ. ತಂತ್ರಾಂಶ ಆಳ ಲೆಕ್ಕ ಹಾಕುವುದು ಈ ಜರುಗುವಿಕೆಯಿಂದಲೇ. ನಿಂತಲ್ಲೇ ತಿರುಗುತ್ತಾ ತೆಗೆದ ನೂರು ಫೋಟೊಗಳೂ ಹಾಗಾಗಿ ದಂಡ. ಅರ್ಧ ಹೆಜ್ಜೆ ಸರಿದು ಒಂದು, ಮತ್ತೆ ಸರಿದು ಇನ್ನೊಂದು. ಹಿಂದಿನ ಚಿತ್ರದ ಮುಕ್ಕಾಲು ಭಾಗ ಮುಂದಿನದರಲ್ಲೂ ಇರಲಿ. ಮಂಡಿ, ಎದೆ, ತಲೆಯ ಎತ್ತರದಲ್ಲಿ ಒಂದೊಂದು ಸುತ್ತು. ವೀರಗಲ್ಲಿನ ಅಂಚು ತೆಳು. ಮುಂದಿನಿಂದ ಹಿಂದಕ್ಕೆ ತಿರುಗುವ ಆ ಮೂಲೆಯಲ್ಲಿ ಇನ್ನಷ್ಟು ಒತ್ತೊತ್ತಾಗಿ ತೆಗೆಯದಿದ್ದರೆ ಎರಡು ಮುಖಗಳು ಬೇರೆಬೇರೆ ಕಲ್ಲುಗಳಂತಾಗುತ್ತವೆ. ಜೂಮ್, ಫ್ಲ್ಯಾಷ್, ಪೋರ್ಟ್ರೇಟ್ ಮೋಡ್ ಬೇಡ. ಬೆಳಕಿನ ಮಟ್ಟ ಲಾಕ್ ಮಾಡಿ. ಅರವತ್ತು ಎಪ್ಪತ್ತು ಚಿತ್ರಗಳಾದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಇಂಥ ತಂತ್ರಾಂಶಗಳಲ್ಲಿ ಮೆಶ್‌ರೂಮ್, ಕೋಲ್‌ಮ್ಯಾಪ್ ಎರಡೂ ಉಚಿತ. ಪೂರ್ಣ ಮಾದರಿಗೆ ಕಂಪ್ಯೂಟರಿನಲ್ಲಿ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. ಈ ತಂತ್ರಾಂಶಗಳು ಮೊದಲು ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತೆಂದು ಪತ್ತೆಹಚ್ಚಿ, ಆಮೇಲೆ ಮೇಲ್ಮೈ ಕಟ್ಟುತ್ತವೆ. ಮೊದಲ ಹಂತದಲ್ಲೇ ಹಲವು ಚಿತ್ರಗಳು ಹೊರಗುಳಿದರೆ ಮುಂದುವರಿಯಬೇಡಿ, ಆ ಬದಿಯನ್ನು ಮತ್ತೆ ತೆಗೆದು ಬನ್ನಿ.

ಕಲ್ಲು ಈಗಾಗಲೇ ಕಾಣೆಯಾಗಿದ್ದು, ಹಳೆಯ ಎರಡು ಮೂರು ಫೋಟೊಗಳಷ್ಟೇ ಉಳಿದಿದ್ದರೆ? 2024ರ ಡಸ್ಟರ್, 2025ರ ವಿಜಿಜಿಟಿಯಂಥ ಎಐ ಮಾದರಿಗಳು ಅಷ್ಟರಿಂದಲೂ ಆಕಾರ ಕೊಡುತ್ತವೆ. ಆದರೆ ಚಿತ್ರದಲ್ಲಿ ಸಾಕ್ಷಿ ಸಾಲದ ಕಡೆ ಅವು ಕಲಿತ ಅಂದಾಜನ್ನೇ ನೆಚ್ಚುತ್ತವೆ. ಅಂಥ ಫೈಲಿನ ಹೆಸರಿನಲ್ಲೇ ‘ಅಂದಾಜು’ ಎಂದು ಬರೆದು, ಮೂಲ ಫೋಟೊಗಳನ್ನೂ ಜೊತೆಗೇ ಇಡಿ.