ಬೊಂಬೆಯ ಮೇಲೆ ಕಲಿತ ಕೈ: ದಾದಿಯರ ಸಂಶೋಧನೆಗೆ ಹಣ ಯಾರು ಕೊಡುತ್ತಾರೆ?



ಮುಲ್ಲೈ ಪೆರಿಯಾರ್ ನೀರು ಕಾಲುವೆಗೆ ಬಂದಾಗ ನಾವು ಮೊದಲು ಸಸಿಮಡಿ ಮಾಡುತ್ತೇವೆ. ಮಡಿಯಲ್ಲಿ ತಪ್ಪಿದರೆ ಸ್ವಲ್ಪ ಬೀಜ ಹೋಗುತ್ತದೆ. ಗದ್ದೆಯಲ್ಲಿ ತಪ್ಪಿದರೆ ಬೆಳೆಯೇ ಹೋಗುತ್ತದೆ. ದಾದಿಯರ ವಿದ್ಯೆಯಲ್ಲೂ ಇಂಥ ಸಸಿಮಡಿಯೊಂದಿದೆ. ರೋಗಿಯನ್ನು ಮುಟ್ಟುವ ಮೊದಲು ಬೊಂಬೆಯ ಮೇಲೆ ಕೈ ಪಳಗಿಸುವುದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಇದು ಹೊಸತಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿ ಶಾಲೆಗೆ 1911ರಲ್ಲೇ ಆಳೆತ್ತರದ ಬೊಂಬೆ ಬಂದಿತ್ತು. ನಮ್ಮ ದೇಶದಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು 2021ರ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಇದಕ್ಕೆ ಸ್ಥಾನ ಕೊಟ್ಟಿದೆ.

ಬೆಳಗಾವಿಯ ಪಾಠ

ಹುಟ್ಟಿದ ಮಗು ಅಳದಿದ್ದರೆ, ಉಸಿರಾಡದಿದ್ದರೆ, ಮೊದಲ ಒಂದು ನಿಮಿಷ ಬಹಳ ಮುಖ್ಯ. ಮಗುವನ್ನು ಒರೆಸಿ ಬೆಚ್ಚಗಿಡಬೇಕು, ಬೆನ್ನು ಸವರಬೇಕು. ಆಗಲೂ ಉಸಿರು ಬಾರದಿದ್ದರೆ ಚೀಲ-ಮುಖವಾಡದಿಂದ ಗಾಳಿ ಕೊಡಬೇಕು. ಇದನ್ನು ಕಲಿಸಲು 2010ರಲ್ಲಿ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಎಂಬ ತರಬೇತಿ ಆರಂಭವಾಯಿತು. ಅದರ ಬೊಂಬೆಯೊಳಗೆ ಬೆಚ್ಚಗಿನ ನೀರು ತುಂಬಿದರೆ ಎಳೆಮಗುವಿನಷ್ಟೇ ಭಾರ ಬರುತ್ತದೆ.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹೆರಿಗೆ ಮಾಡಿಸುವ 599 ಮಂದಿಗೆ ಈ ತರಬೇತಿ ಕೊಟ್ಟು ಫಲವನ್ನು ಅಳೆದರು. 2013ರಲ್ಲಿ ಪ್ರಕಟವಾದ ಲೆಕ್ಕದಂತೆ, ಸತ್ತು ಹುಟ್ಟಿದವೆಂದು ಬರೆದ ಮಕ್ಕಳ ಪ್ರಮಾಣ ಶೇಕಡಾ 3.0ರಿಂದ 2.3ಕ್ಕೆ ಇಳಿಯಿತು. ಅದರಲ್ಲೂ ಹೆರಿಗೆಯ ಹೊತ್ತಿಗೆ ಸತ್ತವೆಂದು ಕಂಡವು 1.7ರಿಂದ 0.9ಕ್ಕೆ ಇಳಿದವು. ಇದರ ಅರ್ಥವೇನು? ಜೀವವಿದ್ದೂ ಉಸಿರಾಡದ ಕೆಲವು ಕೂಸುಗಳನ್ನು ಸತ್ತವೆಂದು ಬದಿಗಿಡುತ್ತಿದ್ದಿರಬಹುದು.

ಆದರೆ ರೈತನೊಬ್ಬ ಇಲ್ಲಿ ಒಂದು ಮಾತು ಕೇಳಿಯಾನು: "ಹೋದ ವರ್ಷಕ್ಕಿಂತ ಈ ವರ್ಷ ಇಳುವರಿ ಹೆಚ್ಚಿತು, ಸರಿ. ಅದು ಬೀಜದ ಗುಣವೋ, ಮಳೆಯ ಗುಣವೋ?" ಒಳ್ಳೆಯ ಪ್ರಶ್ನೆ. ಇದಕ್ಕೇ ಪಕ್ಕದಲ್ಲಿ ಹಳೆಯ ಬೀಜದ ಮಡಿಯೊಂದು ಬೇಕು. ಬಳ್ಳಾರಿ ಮತ್ತು ಗುಲ್ಬರ್ಗ ಜಿಲ್ಲೆಗಳಲ್ಲಿ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ತೆಗೆದುಕೊಂಡು, ಅರ್ಧಕ್ಕೆ ಮಾರ್ಗದರ್ಶಕ ದಾದಿಯರನ್ನು ಕಳುಹಿಸಿ, ಉಳಿದರ್ಧದೊಂದಿಗೆ ಹೋಲಿಸಿದರು. ದಾದಿಯರು ಹೋದ ಕಡೆ ಹೆರಿಗೆಯ ತೊಡಕುಗಳನ್ನು ಎದುರಿಸುವ ಸಿದ್ಧತೆ ಉತ್ತಮವಾಗಿತ್ತು. ಸುಕ್ಷೇಮ ಎಂಬ ಆ ಯೋಜನೆಗೆ ಹಣ ಕೊಟ್ಟದ್ದು ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ. ಹೋಲಿಸಿ ನೋಡುವ ಕೆಲಸಕ್ಕೆ ಖರ್ಚು ಹೆಚ್ಚು. ಹಣವಿಲ್ಲದೆ ಅದು ನಡೆಯದು.

ಹಣ ಎಲ್ಲಿಂದ?

ಸಂಶೋಧನಾ ಧನಸಹಾಯ ಬೇರೆ, ವಿದ್ಯಾರ್ಥಿವೇತನ ಬೇರೆ. ವಿದ್ಯಾರ್ಥಿವೇತನ ಕಲಿಯುವವರ ಶುಲ್ಕಕ್ಕೆ. ಧನಸಹಾಯ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಖರ್ಚಿಗೆ. ಅದು ಸಾಲವಲ್ಲ, ಆದರೆ ಪೈಸೆ ಪೈಸೆಗೂ ಲೆಕ್ಕ ಕೊಡಬೇಕು. ಅಮೆರಿಕದಲ್ಲಿ ಸಿಗ್ಮಾ ಎಂಬ ದಾದಿಯರ ಸಂಘ 1936ರಲ್ಲಿ 600 ಡಾಲರ್ ಕೊಟ್ಟು ದಾದಿಯರ ಸಂಶೋಧನೆಗೆ ನೆರವಾಯಿತು. ನಾರ್ವೆ ದೇಶದಲ್ಲಿ 1980ರಲ್ಲಿ ಸ್ಥಾಪನೆಯಾದ ಲೇರ್ಡಾಲ್ ಪ್ರತಿಷ್ಠಾನವೂ ಇಂಥ ಕೆಲಸಕ್ಕೆ ಹಣ ಕೊಡುತ್ತದೆ. ಅದೇ ಹೆಸರಿನ ಕಂಪನಿ ಈ ಬೊಂಬೆಗಳನ್ನು ಮಾಡುತ್ತದೆ ಎಂಬುದೂ ನೆನಪಿರಲಿ. ಬೀಜ ಮಾರುವವನು ಬೀಜದ ಪರೀಕ್ಷೆಗೆ ಹಣ ಕೊಟ್ಟರೆ ನಾವು ಫಲಿತಾಂಶವನ್ನು ಎರಡು ಸಲ ಓದುವುದಿಲ್ಲವೇ? ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆರೋಗ್ಯ ಸಂಶೋಧನೆಗೆ ನೆರವು ಕೊಡುತ್ತದೆ. ಡಾಕ್ಟರೇಟ್ ಮಾಡಬಯಸುವ ದಾದಿಯರಿಗಾಗಿ ಶುಶ್ರೂಷಾ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆಗೂಡಿ ರಾಷ್ಟ್ರೀಯ ಒಕ್ಕೂಟವೊಂದನ್ನು ರಚಿಸಿತು.

ಮನೆಯ ದಾದಿ ಮಗಳಿಗೆ ನಾಲ್ಕು ಮಾತು

1. ಪ್ರಶ್ನೆ ಚಿಕ್ಕದಿರಲಿ. "ತರಬೇತಿಯಾದ ಎಷ್ಟು ತಿಂಗಳಿಗೆ ಕೈ ಮರೆಯುತ್ತದೆ?" ಎಂಬುದೇ ಸಾಕು. ಅಭ್ಯಾಸ ಬಿಟ್ಟರೆ ಈ ವಿದ್ಯೆ ಬೇಗ ಮಾಸುತ್ತದೆ.

2. ಅನುಭವವುಳ್ಳ ಮಾರ್ಗದರ್ಶಕರನ್ನು ಹುಡುಕಬೇಕು. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು.

3. ಖರ್ಚಿನ ಪಟ್ಟಿ ನೇರವಾಗಿರಲಿ: ಬೊಂಬೆ, ಪ್ರಯಾಣ, ಲೆಕ್ಕ ಬರೆಯುವವರ ಕೂಲಿ. ಬೆಲೆಬಾಳುವ ಯಂತ್ರವೇ ಬೇಕೆಂದಿಲ್ಲ. ನೀರು ತುಂಬಿದ ಬೊಂಬೆಯೂ ಕಲಿಸುತ್ತದೆ.

4. ಹಣ ಕೊಡಿಸುತ್ತೇನೆಂದು ಮುಂಗಡ ಕೇಳುವ ದಲ್ಲಾಳಿಯನ್ನು ನಂಬಬೇಡಿ. ಕಾಲೇಜಿನ ಮೂಲಕವೇ ಅರ್ಜಿ ಹಾಕಿ.

ಬಂಧುಗಳೇ, ಮಗಳು ನರ್ಸ್ ಆದಳು, ಸಂಬಳ ಬಂತು, ಅಲ್ಲಿಗೆ ಓದು ಮುಗಿಯಿತು ಎನ್ನಬೇಡಿ. ರಾತ್ರಿ ಪಾಳಿಯಲ್ಲಿ ಅಳದ ಕೂಸನ್ನು ಮೊದಲು ಕೈಗೆತ್ತಿಕೊಳ್ಳುವವಳು ಅವಳೇ. ಯಾವ ತರಬೇತಿ ಫಲ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂದು ಕೇಳುವ ಹಕ್ಕೂ ಅವಳಿಗಿದೆ.

ಮನೆಯಲ್ಲಿ ಚರ್ಚಿಸಿ: ನಮ್ಮ ಹೆರಿಗೆಗಳು ನಡೆಯುವ ಆಸ್ಪತ್ರೆಯಲ್ಲಿ ಚೀಲ-ಮುಖವಾಡ ಇದೆಯೇ? ಅಲ್ಲಿಯ ದಾದಿಯರು ಕಡೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ?