ಅಟ್ಟದ ಮೇಲೆ ಕರಗಿದ ದುಡ್ಡು

ಕುದುರೆಮುಖದ ತುದಿ ನೋಡಿಕೊಂಡು ಇಳಿಯುತ್ತಿದ್ದೆವು. ದಾರಿಯ ಗುರುತಾದ ಒಂಟಿಮರ ಇನ್ನೂ ದೂರವಿತ್ತು. ಬಲಗಾಲಿನ ಶೂ ಮುಂದುಗಡೆ ಬಾಯಿ ಬಿಟ್ಟಿತು. ಹತ್ತು ಹೆಜ್ಜೆ ಇಡುವುದರೊಳಗೆ ಅಟ್ಟೆ ಪೂರ್ತಿ ಕಿತ್ತುಬಂತು. ಕೈಗೆತ್ತಿಕೊಂಡು ನೋಡಿದರೆ ಒಳಗಿನ ಮೆತ್ತನೆಯ ಪದರ ಹಳೇ ರಸ್ಕಿನ ಹಾಗೆ ಪುಡಿಪುಡಿಯಾಗಿ ಉದುರುತ್ತಿತ್ತು. ಗೈಡ್ ತಮ್ಮ ಚೀಲದಿಂದ ನೈಲಾನ್ ಹಗ್ಗ ತೆಗೆದು ಮೂರು ಸುತ್ತು ಬಿಗಿದು, "ನಿಧಾನ ಬನ್ನಿ ಸರ್, ಮುಳ್ಳೋಡಿವರೆಗೆ ತಡೀತದೆ" ಅಂದರು. ಚಾರಣ ಶುರುವಾಗುವ ಆ ಊರಿನವರೆಗೂ ತಡೆಯಿತು.

ಆ ಶೂಗೆ ₹4,500 ಕೊಟ್ಟಿದ್ದೆ. ಆರು ವರ್ಷದಲ್ಲಿ ಹಾಕಿದ್ದು ನಾಲ್ಕೇ ಸಲ. ಸವೆಯದಿರಲಿ ಎಂದು ಡಬ್ಬದಲ್ಲಿಟ್ಟು ಅಟ್ಟಕ್ಕೇರಿಸಿದ್ದೆ. ಹಾಳಾಗಿದ್ದು ಅದರಿಂದಲೇ. ಇಂಥ ಅನೇಕ ಶೂಗಳ ಅಟ್ಟೆಯಲ್ಲಿ ಪಾಲಿಯುರೇಥೇನ್ ಪದರ ಇರುತ್ತದೆ. ಗಾಳಿಯ ತೇವಕ್ಕೆ ಅದು ವರ್ಷಗಟ್ಟಲೆ ಒಳಗೊಳಗೇ ಒಡೆಯುತ್ತಾ ಹೋಗುತ್ತದೆ. ಡಬ್ಬದಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ. ಒದ್ದೆಯಲ್ಲೇ ಮಡಿಸಿಟ್ಟ ಟೆಂಟ್, ರೇನ್‌ಕೋಟುಗಳ ಒಳಲೇಪ ಅಂಟಂಟಾಗುವುದೂ ಹೀಗೆಯೇ. ಚಾರಣದ ಸಾಮಾನು ಚಿನ್ನವಲ್ಲ, ಕೂಡಿಟ್ಟರೆ ಉಳಿಯುವುದಿಲ್ಲ.

ಅಂದಿನಿಂದ ಬೆಲೆಯನ್ನು ಬಳಸಿದ ದಿನಗಳಿಂದ ಭಾಗಿಸಿ ನೋಡುವುದನ್ನು ಕಲಿತೆ. ₹6,000 ಕೊಟ್ಟ ನನ್ನ ಟೆಂಟಿನಲ್ಲಿ ಮಲಗಿದ್ದು ಮೂರು ರಾತ್ರಿ. ರಾತ್ರಿಗೆ ₹2,000 ಬಿತ್ತು. ಬೆಂಗಳೂರಿನಲ್ಲಿ ಅಂಥದೇ ಟೆಂಟು ದಿನಕ್ಕೆ ₹300 ಬಾಡಿಗೆಗೆ ಸಿಕ್ಕಿತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಂತೂ ಟೆಂಟ್ ಹಾಕುವಂತೆಯೇ ಇಲ್ಲ, ಹೋಮ್‌ಸ್ಟೇಯಲ್ಲೇ ತಂಗಬೇಕು. ಹಿಮಾಲಯಕ್ಕೆ ಬೇಕಾಗುವ ದಪ್ಪ ಜಾಕೆಟ್, ಸ್ಲೀಪಿಂಗ್ ಬ್ಯಾಗುಗಳಿಗೂ ಇದೇ ಲೆಕ್ಕ. ವರ್ಷಕ್ಕೊಮ್ಮೆ ಹೋಗುವವರಿಗೆ ಬಾಡಿಗೆಯೇ ಸರಿ.

ಕೈಬಿಗಿ ಮಾಡಬಾರದ್ದು ಎರಡರಲ್ಲಿ: ಶೂ ಮತ್ತು ಬೆನ್ನಚೀಲ. ಎರಡೂ ನಮ್ಮ ಮೈಗೆ ಹೊಂದಬೇಕು, ಬೇರೆಯವರ ಅಳತೆ ಆಗಿಬರುವುದಿಲ್ಲ. ಶೂ ಕೊಳ್ಳಲು ಸಂಜೆ ಹೋಗಿ. ಓಡಾಡಿ ಪಾದ ಊದಿಕೊಂಡಿರುವಾಗಲೇ ಸರಿಯಾದ ಅಳತೆ ಗೊತ್ತಾಗುವುದು. ಚಾರಣಕ್ಕೆ ಹಾಕುವ ಕಾಲುಚೀಲವನ್ನೇ ತೊಟ್ಟು ನೋಡಿ.

ಉಳಿದದ್ದರಲ್ಲಿ ಮನೆಯೇ ಅರ್ಧ ಅಂಗಡಿ. ಮಳೆಗಾಲದ ಇಂಬಳಕ್ಕೆ ಮೊಣಕಾಲವರೆಗಿನ ಕಾಲುಚೀಲವನ್ನು ಒತ್ತಾಗಿ ನೇಯ್ದ ಬಟ್ಟೆಯಲ್ಲಿ ನಮ್ಮ ಬೀದಿಯ ಟೈಲರ್ ಹೊಲಿದುಕೊಟ್ಟರು. ಬೆನ್ನಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ ಸಾಮಾನು ತುಂಬಿದರೆ ಎಂಥ ಮಳೆಗೂ ಬಟ್ಟೆ ನೆನೆಯದು. ಬಿಸಿನೀರು ಹಾಕಿ ತಿನ್ನುವ ದುಬಾರಿ ಪೊಟ್ಟಣ ಕೊಳ್ಳುವುದನ್ನೂ ಬಿಟ್ಟಿದ್ದೇನೆ. ಗಟ್ಟಿ ಅವಲಕ್ಕಿಯನ್ನು ತರಿಯಾಗಿ ಪುಡಿ ಮಾಡಿ, ಸಾರಿನ ಪುಡಿ, ಬೆಲ್ಲ, ಉಪ್ಪು, ಒಣಗಿಸಿ ಪುಡಿ ಮಾಡಿದ ಹುಣಸೆ, ಹುರಿದ ಕಡಲೆಬೀಜ ಬೆರೆಸಿ ಕಟ್ಟಿಕೊಂಡರಾಯಿತು. ತೊರೆಯ ಪಕ್ಕ ಕೂತು ಬಾಟಲಿಯ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ಗೊಜ್ಜವಲಕ್ಕಿ ಸಿದ್ಧ. ಒಲೆಯೂ ಬೇಡ, ಗ್ಯಾಸೂ ಬೇಡ.

ಮನೆಗೆ ಬಂದ ದಿನವೇ ಶೂ ತೊಳೆದು ನೆರಳಲ್ಲಿ ಒಣಗಿಸುವುದು, ಟೆಂಟು ಬಾಡಿಗೆಯದಾದರೂ ಒಣಗಿಸಿಯೇ ಮರಳಿಸುವುದು ನಮ್ಮ ಮನೆಯ ರೂಢಿಯಾಗಿದೆ. ಮುಂದೆ ಅದನ್ನು ಒಯ್ಯುವವರೂ ನಮ್ಮ ಹಾಗೆಯೇ ಲೆಕ್ಕ ಹಾಕಿ ಹೊರಟವರಲ್ಲವೇ?

ಹೊಸ ಶೂ ಈಗ ಅಟ್ಟದಲ್ಲಿಲ್ಲ, ಬಾಗಿಲ ಬಳಿಯೇ ಇದೆ. ಭಾನುವಾರ ತರಕಾರಿ ಸಂತೆಗೂ ಅದನ್ನೇ ಮೆಟ್ಟಿಕೊಂಡು ಹೋಗುತ್ತೇನೆ.