ಮೆದುಳಿನ ರಕ್ತನಾಳಕ್ಕೆ ಸೋಂಕು: ಬಿಡದ ಜ್ವರವನ್ನು ಕಡೆಗಣಿಸದಿರಿ

ಮೆದುಳಿನ ರಕ್ತನಾಳದ ಗೋಡೆ ಒಂದೆಡೆ ದುರ್ಬಲಗೊಂಡು ಬಲೂನಿನಂತೆ ಉಬ್ಬುವುದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಅಪರೂಪವಾಗಿ ಸೋಂಕಿನಿಂದಲೂ ಹೀಗಾಗುತ್ತದೆ. ಉಬ್ಬು ಒಡೆದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಅಪಾಯ. 1885ರಲ್ಲಿ ವೈದ್ಯ ವಿಲಿಯಂ ಓಸ್ಲರ್ ಇಂತಹ ಉಬ್ಬನ್ನು 'ಮೈಕೋಟಿಕ್' ಎಂದು ಕರೆದರು. ಹೆಸರು ಶಿಲೀಂಧ್ರವನ್ನು ಸೂಚಿಸಿದರೂ ಹೆಚ್ಚಿನವುಗಳಿಗೆ ಬ್ಯಾಕ್ಟೀರಿಯಾವೇ ಕಾರಣ.

ಹೇಗೆ ಬರುತ್ತದೆ?

ಸೋಂಕಿನ ಮೂಲ ಹೆಚ್ಚಾಗಿ ಹೃದಯದಲ್ಲಿರುತ್ತದೆ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ ಮತ್ತು ಕೃತಕ ಕವಾಟ ಹಾಕಿಸಿಕೊಂಡವರಲ್ಲಿ, ರಕ್ತ ಸೇರಿದ ಬ್ಯಾಕ್ಟೀರಿಯಾ ಕವಾಟದ ಮೇಲೆ ಸುಲಭವಾಗಿ ನೆಲೆಯೂರುತ್ತದೆ. ಅಲ್ಲಿಂದ ಕಳಚಿದ ತುಣುಕು ಮೆದುಳಿನ ಕಿರು ರಕ್ತನಾಳದಲ್ಲಿ ಸಿಕ್ಕಿಕೊಂಡು ಅದರ ಗೋಡೆಯನ್ನು ಹಾಳುಮಾಡುತ್ತದೆ.

ಲಕ್ಷಣ ಮತ್ತು ಪತ್ತೆ

ವಾರಗಟ್ಟಲೆ ಬಿಡದ ಜ್ವರ, ಆಯಾಸ, ತೂಕ ಇಳಿಯುವುದು ಮೊದಲ ಸೂಚನೆಗಳು. ಹಠಾತ್ ತೀವ್ರ ತಲೆನೋವು, ವಾಂತಿ, ಅಪಸ್ಮಾರ, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹೃದಯದ ತೊಂದರೆ ಇರುವವರು ಜ್ವರ ಬಂದಾಗ ಮೆಡಿಕಲ್ ಅಂಗಡಿಯಿಂದ ತಾವೇ ಆಂಟಿಬಯಾಟಿಕ್ ತಂದು ನುಂಗಬಾರದು. ಅದರಿಂದ ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಸಿಗದೇ ಹೋಗಬಹುದು. ಹೃದಯಕ್ಕೆ ಎಕೋ, ಮೆದುಳಿಗೆ ಸಿಟಿ ಅಥವಾ ಎಂಆರ್‌ಐ ಮಾಡಲಾಗುತ್ತದೆ. ಸಣ್ಣ ಉಬ್ಬನ್ನೂ ಸ್ಪಷ್ಟವಾಗಿ ತೋರಿಸುವುದು ಆಂಜಿಯೋಗ್ರಾಂ.

ಚಿಕಿತ್ಸೆ

ಔಷಧವಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ರೋಗಕ್ಕೂ ಚಿಕಿತ್ಸೆಯಿದೆ. ರೋಗಾಣುವಿಗೆ ತಕ್ಕ ಆಂಟಿಬಯಾಟಿಕನ್ನು ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಕೊಡುತ್ತಾರೆ. ಕೆಲವು ಉಬ್ಬುಗಳು ಇದರಿಂದಲೇ ಮಾಯವಾಗುತ್ತವೆ, ಕೆಲವು ಬೆಳೆಯುತ್ತವೆ. ಆದ್ದರಿಂದ ಮತ್ತೆ ಮತ್ತೆ ಸ್ಕ್ಯಾನ್ ಅಗತ್ಯ. ಬೆಳೆಯುವ ಅಥವಾ ಒಡೆದ ಉಬ್ಬನ್ನು ತೆಳುವಾದ ನಳಿಕೆ ತೂರಿಸಿ ಕಾಯಿಲ್ ಇಲ್ಲವೇ ಅಂಟುದ್ರವದಿಂದ ಮುಚ್ಚುತ್ತಾರೆ. ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಜ್ವರ ಇಳಿಯಿತೆಂದು ಅರ್ಧದಲ್ಲೇ ಡಿಸ್ಚಾರ್ಜ್ ಕೇಳಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರಿಗೆ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು. ಚಿಕಿತ್ಸೆಯ ನಡುವೆ ರಮಝಾನ್ ಬಂದರೆ ಚಿಂತಿಸಬೇಕಿಲ್ಲ. ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆ, ಗುಣವಾದ ಬಳಿಕ ಪೂರೈಸಬಹುದು.

ತಡೆಯುವ ದಾರಿ

ಹುಳುಕು ಹಲ್ಲು ಮತ್ತು ಒಸಡಿನ ಸೋಂಕಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ. ಮಿಸ್ವಾಕ್‌ನ ಸುನ್ನತ್ತನ್ನು ಮನೆಮಂದಿಯೆಲ್ಲ ರೂಢಿಸಿಕೊಳ್ಳಲಿ. ಜೊತೆಗೆ ದಿನಕ್ಕೆರಡು ಬಾರಿ ಬ್ರಷ್ ಮಾಡಲಿ. ಕೃತಕ ಕವಾಟ ಇರುವವರು ಹಲ್ಲು ಕೀಳಿಸುವ ಮುನ್ನ ಅದನ್ನು ದಂತವೈದ್ಯರಿಗೆ ಹೇಳಲೇಬೇಕು. ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ವೈದ್ಯರು ಹೇಳಿದ ಪೆನ್ಸಿಲಿನ್ ಇಂಜೆಕ್ಷನ್ ಒಮ್ಮೆಯೂ ತಪ್ಪಿಸಬೇಡಿ.